ಎಡಗಡೆಯ ಪಿನ್ನು

ಕಾಲುವೆ ರಸ್ತೆಗೆ ಯಾವ ಕಾಲದಲ್ಲೂ ಕಾರು ಬಂದಿಲ್ಲ, ಆದ್ದರಿಂದ ಅಲ್ಲಿ ಯಾರಿಗೂ ಏನೂ ಆಗಿಲ್ಲ. ಆಗ ಎಲ್ಲರೂ ಹಾಗೇ ನಂಬಿದ್ದರು. ನಾನೂ ನಂಬಿದ್ದೆ.

ನಂಬಲು ಕಾರಣವಿತ್ತು. ರಸ್ತೆಯ ಎರಡು ತುದಿಯಲ್ಲೂ ಸೊಂಟದೆತ್ತರದ ಕಲ್ಲುಕಂಬಗಳು. ನಡುವಿನ ಸಂದಿಯಲ್ಲಿ ಸೈಕಲ್ಲಿನ ಹ್ಯಾಂಡಲ್ ತೂರುತ್ತದೆ, ಅಷ್ಟೇ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆ. ಏಳು ಕಿಲೋಮೀಟರಿನಲ್ಲಿ ಏರು, ಇಳಿಜಾರು ಎಲ್ಲ ಸೇರಿದರೂ ಒಂದಾಳೆತ್ತರ ಆಗುವುದಿಲ್ಲ.

ದೆವ್ವದ ಕತೆ ಹೇಳುವವರು ಸಾಮಾನ್ಯವಾಗಿ ದೆವ್ವವನ್ನು ನೋಡಿರುವುದಿಲ್ಲ. ನಾನೂ ನೋಡಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು ನಾನು. ನಾನು ನೋಡಿದ್ದು ಒಂದು ಪಿನ್ನು ಮಾತ್ರ.

ನಮ್ಮ ದೊಡ್ಡಮ್ಮನ ಮಗನಿಗೆ ಸೈಕಲ್ ರಿಪೇರಿ ಅಂಗಡಿ ಇದೆ. ಊರೆಲ್ಲ ಅವನನ್ನು ಕರೆಯುವುದು ಕಿವಿಯಣ್ಣ ಎಂದು. ಅವನು ಸೈಕಲ್ಲನ್ನು ನೋಡುವುದಿಲ್ಲ, ಕೇಳುತ್ತಾನೆ. ಗಿರಾಕಿ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ "ಹಿಂದಿನ ಬೇರಿಂಗ್ ಹೋಗಿದೆ" ಎಂದುಬಿಡುತ್ತಾನೆ. ಅಂಗಡಿಯ ಗೋಡೆಯ ಮೇಲೆ ಅವನೇ ಬರೆದ ದೊಡ್ಡ ನಕ್ಷೆ. ಸುತ್ತಮುತ್ತ ಕಾರಿಲ್ಲದೆ ಸೈಕಲ್ ತುಳಿಯಬಹುದಾದ ಆರು ದಾರಿಗಳು, ಹಸಿರು ಬಣ್ಣದಲ್ಲಿ. ಭಾನುವಾರ ಬರುವ ಸವಾರರು ಅದರ ಫೋಟೋ ತೆಗೆದುಕೊಂಡು ಹೋಗುತ್ತಾರೆ. ನಕ್ಷೆಗೆ ಕಾರಣ ಸವಾರರಲ್ಲ, ಅತ್ತಿಗೆ. ಅವರ ತಮ್ಮ ಒಂದು ಬೆಳಿಗ್ಗೆ ದೊಡ್ಡ ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಹೋದವನು ಮನೆಗೆ ಬರಲಿಲ್ಲ.

ಅಣ್ಣನಿಗೆ ಹದಿಮೂರು ವರ್ಷದ ಮಗಳು. ಆ ವರ್ಷ ಶಾಲೆಯ ಬಸ್ಸು ನಿಂತಿತು. ಉಳಿದದ್ದು ಎರಡೇ ದಾರಿ. ಒಂದು ಹಾಸ್ಟೆಲ್ಲು. ಇನ್ನೊಂದು ಕಾಲುವೆ ರಸ್ತೆ.

"ಹಾಸ್ಟೆಲ್ಲಿಗೆ ಹೋದ್ರೆ ನಾನು ಊಟಾನೇ ಮಾಡಲ್ಲ," ಎಂದಳು ಮಗಳು.

"ಮಾಡ್ಬೇಡ. ಬದುಕಿರ್ತೀಯಲ್ಲ, ಅಷ್ಟು ಸಾಕು," ಎಂದರು ಅತ್ತಿಗೆ.

ಕೊನೆಗೆ ಒಪ್ಪಂದವಾಯಿತು. ಅಣ್ಣ ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಹೋಗಿ, ಆ ದಾರಿಯಲ್ಲಿ ಕತ್ತಲಾಗುವವರೆಗೂ ಓಡಾಡಿ ಬರಬೇಕು. ಒಂದೇ ಒಂದು ಮೋಟಾರಿನ ಸದ್ದು ಕೇಳಿದರೂ ಹಾಸ್ಟೆಲ್ಲು.

ಅವನು ವಾಪಸು ಹೊರಟಾಗ ಏಳೂವರೆ. ದೆವ್ವಗಳಿಗೆ ಅದು ಇನ್ನೂ ಕೆಲಸದ ವೇಳೆಯಲ್ಲ ಎಂದು ಆಮೇಲೆ ನಾನು ತಮಾಷೆ ಮಾಡಿದೆ. ಅವನು ನಗಲಿಲ್ಲ.

ದಾರಿಯ ನಡುವೆ ಒಂದು ತೂಬು. ಅದರ ಪಕ್ಕ ಆಲದ ಮರ, ಮರದಡಿ ಬಾಯಿ ಮುಚ್ಚಿದ ಬಾವಿ. ಅಲ್ಲಿಗೆ ಬಂದಾಗ ಹಿಂದಿನಿಂದ ಕೇಳಿಸಿತಂತೆ.

ಟಕ್...

ಟಕ್...

ಪೆಡಲ್ಲಿನ ಒಂದು ಸುತ್ತಿಗೆ ಒಂದೇ ಸಲ. ಒಣ ಸದ್ದು. ಕಬ್ಬಿಣಕ್ಕೆ ಕಬ್ಬಿಣ ತಾಗಿದ್ದು. ಬೇರೆ ಯಾರಾದರೂ ಆಗಿದ್ದರೆ ಓಡುತ್ತಿದ್ದರು. ಅಣ್ಣನಿಗೆ ಹೊಳೆದದ್ದು ರಿಪೇರಿ. ಪೆಡಲ್ಲಿನ ತೋಳನ್ನು ಅಚ್ಚಿಗೆ ಬಿಗಿಯುವ ಒಂದು ಗಿಡ್ಡ ಉಕ್ಕಿನ ಬೆಣೆ ಇರುತ್ತದೆ. ಅದಕ್ಕೆ ಕಾಟರ್ ಪಿನ್ ಅನ್ನುತ್ತಾರೆ. ಅದು ಸವೆದರೆ ಬರುವುದೇ ಈ ಸದ್ದು. ಎಡಗಡೆಯದ್ದು.

ಅವನು ಸೈಕಲ್ ನಿಲ್ಲಿಸಿದ. ಹಿಂದಿನದೂ ನಿಂತಿತು.

"ಎಡಗಡೆ ಪಿನ್ನು ಸವೆದಿದೆ ಕಣ್ರೀ," ಎಂದ, ತಿರುಗದೆ, ಬೀಡಿ ಹಚ್ಚುತ್ತ. "ಹೀಗೇ ತುಳಿದ್ರೆ ತೋಳು ಕಳಚಿ ಬೀಳತ್ತೆ. ನಾಳೆ ಅಂಗಡಿಗೆ ತನ್ನಿ."

ತೂಬಿನಲ್ಲಿ ನೀರು ಗುಳುಗುಳು ಅನ್ನುತ್ತಿತ್ತು. ಆಮೇಲೆ ಪಿಸುಮಾತು. ಹುಡುಗಿಯ ದನಿ.

"ಅಂಗಡಿಗೆ ಬರೋಕಾಗಲ್ಲ."

"ಯಾಕಮ್ಮಾ?"

"ಈ ರಸ್ತೆ ಬಿಟ್ಟು ಬರೋ ಹಾಗಿಲ್ಲ."

ದೊಡ್ಡ ರಸ್ತೆಗೆ ಬಿಡದ ತಾಯಿ ಇನ್ನೊಂದು ಮನೆಯಲ್ಲೂ ಇದ್ದಾಳೆ ಎಂದುಕೊಂಡ ಅಣ್ಣ. ಪಾಪ ಅನ್ನಿಸಿತು. ಅಲ್ಲಿ ಅವನು ಒಂದು ತಪ್ಪು ಮಾಡಿದ. ಮನೆಯಲ್ಲಿ ಮಗಳಿರುವ ಸೈಕಲ್ ರಿಪೇರಿಯವನು ಮಾತ್ರ ಮಾಡಬಹುದಾದ ತಪ್ಪು.

"ಸರಿ ಬಿಡು," ಎಂದ. "ಪಿನ್ನು ನಾನೇ ಕಳಿಸಿಕೊಡ್ತೀನಿ."

"ಮರೀಬೇಡಿ..." ಎಂದಿತು ದನಿ. ಮತ್ತೆ, ಈ ಸಲ ಬಹಳ ಹತ್ತಿರದಿಂದ, ಕಿವಿಯ ಬುಡದಲ್ಲೇ... "ಪಕ್ಕಕ್ಕೆ ಬನ್ನಿ. ಬಂತು."

ಅವನು ಪಕ್ಕಕ್ಕೆ ಸರಿದ. ಯಾಕೆ ಸರಿದೆ ಎಂದು ಅವನಿಗೂ ಗೊತ್ತಿಲ್ಲ. ಜಲ್ಲಿಕಲ್ಲು ಟೈರಿನಡಿ ಕರಕರ ಒಡೆಯುವ ಸದ್ದು ದೂರದಿಂದ ಬಂತು, ಪಕ್ಕಕ್ಕೆ ಬಂತು, ದಾಟಿತು. ಬೆಳಕಿಲ್ಲ. ಎಂಜಿನ್ನಿನ ಸದ್ದೂ ಇಲ್ಲ. ಮೊಣಕಾಲಿಗೆ ಬಿಸಿ ಗಾಳಿ ಬಡಿಯಿತು. ಪೆಟ್ರೋಲಿನ ವಾಸನೆ. ಬಾಯಲ್ಲಿದ್ದ ಬೀಡಿ ಆರಿಹೋಯಿತು.

ಆಮೇಲೆ ನೀರಿಗೆ ಏನೋ ಬಿದ್ದ ಸದ್ದು. ಒಂದೇ ಸಲ. ಧೊಪ್.

ಅವನು ತಿರುಗಿ ನೋಡಿದ. ರಸ್ತೆ ಖಾಲಿ.

ಮನೆ ಬಾಗಿಲಲ್ಲೇ ಅತ್ತಿಗೆ ಕೇಳಿದರಂತೆ, "ಕಾರು ಬಂತಾ?" ಅಣ್ಣ ನೇರ ಒಳಗೆ ಹೋಗಿ ನನಗೆ ಫೋನ್ ಮಾಡಿದ.

ಮರುದಿನ ನಾನು ಟೇಪು ಹಿಡಿದುಕೊಂಡು ಹೋದೆ. ನನ್ನ ಸ್ವಭಾವ ಅದು. ಕಂಬಗಳ ಸಂದಿ ಎಪ್ಪತ್ತೆರಡು ಸೆಂಟಿಮೀಟರ್, ಎರಡು ತುದಿಯಲ್ಲೂ. ಕಂಬಗಳ ಬುಡದಲ್ಲಿ ಪಾಚಿ. ಯಾರೂ ಅಲುಗಾಡಿಸಿಲ್ಲ. ತೂಬು ಕಾಯುವವನನ್ನು ಕೇಳಿದೆ.

"ಕಾರಾ? ಇಲ್ಲಿಗಾ?" ಎಂದು ನಕ್ಕ. "ನಮ್ಮಪ್ಪ ತೂಬು ಕಾಯ್ತಿದ್ದಾಗಿಂದ ಇವೆ ಸಾರ್ ಈ ಕಂಬ."

"ಅದಕ್ಕೂ ಮುಂಚೆ?"

"ಮುಂಚೆದು ಯಾಕೆ ಸಾರ್ ಬೇಕು ನಮಗೆ?"

ನನಗೂ ಬೇಕೆನಿಸಲಿಲ್ಲ. ಅದು ನನ್ನ ತಪ್ಪು. ಮನೆಗೆ ಬಂದು ಅತ್ತಿಗೆಗೆ ವಿವರಿಸಿದೆ. ರಾತ್ರಿ ನೀರಿನ ಮೇಲೆ ಸದ್ದು ಬಹಳ ದೂರ ಹರಿಯುತ್ತದೆ. ದೊಡ್ಡ ರಸ್ತೆಯ ಕಾರು ಪಕ್ಕದಲ್ಲೇ ಹೋದಂತೆ ಕೇಳುತ್ತದೆ. ಹುಡುಗಿ ಯಾವುದೋ ಹಳ್ಳಿಯವಳು, ಗದ್ದೆಯ ಬದುವಿಗೆ ಇಳಿದು ಹೋಗಿದ್ದಾಳೆ.

"ಬೀಡಿ ಯಾಕೆ ಆರಿತು?" ಎಂದ ಅಣ್ಣ.

"ಬೀಡಿ ಆರೋದಕ್ಕೆ ಕಾರಣ ಬೇಕಾ?"

ಅತ್ತಿಗೆ ನನ್ನನ್ನೇ ನೋಡುತ್ತಿದ್ದರು. "ಇವರ ಮಾತು ಬಿಡಿ," ಎಂದರು. "ನೀವು ಓದಿದವರು. ಕಳಿಸಬಹುದಾ, ಬೇಡ್ವಾ? ನಿಮ್ಮ ಮಾತಿನ ಮೇಲೆ ಕಳಿಸ್ತೀನಿ."

ಕಳಿಸಿ ಎಂದೆ.

ಅಂಗಡಿಯಿಂದ ಹೊರಡುವಾಗ ನೋಡಿದೆ, ಅಣ್ಣ ಒಂದು ಹೊಸ ಪಿನ್ನಿಗೆ ಅರ ಹಾಕುತ್ತ ಕೂತಿದ್ದ. ಕೆಲಸ ಮುಗಿದ ಮೇಲೆ ಪಿನ್ನಿನ ಸಣ್ಣ ತುದಿಗೆ ಅಡ್ಡಡ್ಡ ಎರಡು ಗೆರೆ ಎಳೆದ. ತನ್ನ ಕೈಯಿಂದ ಹೋದ ಪಿನ್ನು ಎಂದು ಗುರುತಿಗೆ ಪ್ರತಿಯೊಂದಕ್ಕೂ ಹಾಗೆ ಮಾಡುತ್ತಾನೆ. ಕಾಗದದಲ್ಲಿ ಸುತ್ತಿ ತಟ್ಟೆಯಲ್ಲಿಟ್ಟ.

"ಯಾರಿಗೆ?"

"ಮಾತು ಕೊಟ್ಟಿದೀನಿ ಕಣೋ."

"ಹಳ್ಳಿ ಹುಡುಗಿಗೆ ತಾನೇ?"

ಅವನು ಅರವನ್ನು ಒರೆಸಿ ಡಬ್ಬಿಗೆ ಹಾಕಿದ.

ಮೊದಲ ಮೂರು ದಿನ ನಾನೇ ಮಗುವಿನ ಜೊತೆ ಸೈಕಲ್ ತುಳಿದೆ. ಏನೂ ಆಗಲಿಲ್ಲ. ಕಾಲು ನೋವು ಬಂತು, ಅಷ್ಟೇ. ನಾಲ್ಕನೇ ದಿನದಿಂದ ಅವಳೊಬ್ಬಳೇ ಹೋದಳು.

ಐದನೇ ದಿನ ಮಂಜು. ಕೈ ಚಾಚಿದರೆ ಬೆರಳು ಕಾಣದಂಥ ಮಂಜು. ಸಂಜೆ ಅವಳು ಮನೆಗೆ ಬಂದಾಗ ನಾನೂ ಅಲ್ಲೇ ಇದ್ದೆ. ಚೀಲ ಇಳಿಸುತ್ತ ಹೇಳಿದಳು, ಏನೂ ವಿಶೇಷವಿಲ್ಲ ಅನ್ನುವ ಹಾಗೆ.

"ಅಪ್ಪಾ, ಆ ಪಿನ್ನು ಕೊಟ್ಟೆ."

ಅಣ್ಣನ ಕೈಯಲ್ಲಿದ್ದ ಲೋಟ ನಿಂತಲ್ಲೇ ನಿಂತಿತು. "ಯಾವ ಪಿನ್ನು?"

"ತಟ್ಟೇಲಿ ಇಟ್ಟಿದ್ಯಲ್ಲ. ನಿಮ್ಮಪ್ಪ ಕಳಿಸ್ತೀನಿ ಅಂದಿದ್ರು, ಇನ್ನೂ ಕಳಿಸಿಲ್ಲ ಅಂತ ನಿನ್ನೆ ಕೇಳಿದ್ಲು. ಇವತ್ತು ತಗೊಂಡು ಹೋದೆ."

"ಅವಳ ಮುಖ ನೋಡಿದ್ಯಾ?"

"ಮಂಜಲ್ವಾ. ಕೈ ಚಾಚಿದ್ಲು. ಒದ್ದೆ ಇತ್ತು ಕೈ."

ನಾನು ನಕ್ಕೆ. ಯಾರಾದರೂ ನಗಬೇಕಿತ್ತು. "ಪಿನ್ನು ಕೊಟ್ರೆ ಸಾಕಾ? ಬಡಿಯೋಕೆ ಸುತ್ತಿಗೆ ಬೇಡ್ವಾ?"

"ನಾನೂ ಅದನ್ನೇ ಕೇಳ್ದೆ ಚಿಕ್ಕಪ್ಪ. ಕಲ್ಲಲ್ಲಿ ಹೊಡ್ಕೋತೀನಿ ಅಂದ್ಲು." ಸಾಕ್ಸು ಕಳಚುತ್ತ ಮುಂದುವರಿಸಿದಳು. "ಆಮೇಲೆ ಪಕ್ಕಕ್ಕೆ ಬಾ, ಪಕ್ಕಕ್ಕೆ ಬಾ ಅಂತ ತಳ್ಳೇಬಿಟ್ಲು ನನ್ನ. ಗದ್ದೆಗೆ ಬಿದ್ದೆ. ಅಷ್ಟರಲ್ಲಿ ಕಾರು ಹೋಯ್ತು."

ಅತ್ತಿಗೆ ಅಡುಗೆಮನೆಯಿಂದ ಹೊರಗೆ ಬಂದರು.

"ಕಾರು ಬರಲ್ಲ ಅಂದಿದ್ರಿ ನೀವು," ಎಂದಳು ನನ್ನನ್ನು ನೋಡಿ.

ಅವಳ ತೋಳಿನ ಮೇಲೆ ಸಣ್ಣ ಕೈಯ ಅಚ್ಚು, ಕೆಸರಿನದು. ಐದು ಬೆರಳು. ಅತ್ತಿಗೆ ಅದನ್ನು ಸೋಪು ಹಚ್ಚಿ ತೊಳೆದರು. ಆ ಸೋಮವಾರ ಮಗು ಹಾಸ್ಟೆಲ್ಲಿಗೆ ಹೋಯಿತು. ಊಟ ಮಾಡುತ್ತಿದ್ದಾಳೆ.

ನನಗೆ ಮಾತ್ರ ಇನ್ನೂ ಒಂದು ವಿವರಣೆ ಉಳಿದಿತ್ತು. ಹಳ್ಳಿ ಹುಡುಗಿ. ಮಂಜು. ಹದಿಮೂರು ವರ್ಷದವರ ಕಲ್ಪನೆ. ಈ ಮೂರರಲ್ಲಿ ಎಲ್ಲವೂ ಅಡಗುತ್ತಿತ್ತು.

ಬೇಸಿಗೆಯಲ್ಲಿ, ದಶಕಗಳ ಮೇಲೆ ಮೊದಲ ಸಲ, ಹೂಳೆತ್ತಲು ಕಾಲುವೆಯ ನೀರು ನಿಲ್ಲಿಸಿದರು. ತೂಬಿನವನು ಅಣ್ಣನಿಗೆ ಫೋನ್ ಮಾಡಿದ. ಆಲದ ಮರದ ನೇರಕ್ಕೆ ಕೆಸರಲ್ಲಿ ಒಂದು ಸೈಕಲ್ಲು ಸಿಕ್ಕಿದೆ, ಬಿಡಿಭಾಗ ಬೇಕಾದರೆ ಬನ್ನಿ ಎಂದ. ನಾವು ತಲುಪುವಾಗ ಹೊತ್ತು ಮುಳುಗಿತ್ತು. ಟಾರ್ಚು ಹಿಡಿದವನು ನಾನು. ಅಣ್ಣ ಕೆಸರಿಗೆ ಇಳಿದ.

ಚಿಕ್ಕ ಸೈಕಲ್ಲು. ಹುಡುಗಿಯರದು. ಚೈನು ತುಕ್ಕಿನ ಒಂದೇ ಮುದ್ದೆಯಾಗಿತ್ತು. ಸೀಟಿನ ಚರ್ಮ ಕೊಳೆತು ಹೋಗಿತ್ತು.

"ಇದು ನೀರಲ್ಲಿ ಮೂವತ್ತು ವರ್ಷಕ್ಕೆ ಕಮ್ಮಿ ಇರ್ಲಿಲ್ಲ," ಎಂದ ಅಣ್ಣ, ಪಿಸುದನಿಯಲ್ಲಿ.

ಹಿಂದಿನ ಚಕ್ರ ಕಾಗದ ಮಡಚಿದ ಹಾಗೆ ಎರಡಾಗಿ ಮಡಚಿಕೊಂಡಿತ್ತು. ಮಡ್‌ಗಾರ್ಡಿನ ಮಡಿಕೆಯೊಳಗೆ ಗಾಜಿನ ಚೂರು ಸಿಕ್ಕಿಕೊಂಡಿತ್ತು. ಗೀರುಗೀರಿನ ದಪ್ಪ ಗಾಜು. ಕಾರಿನ ಹೆಡ್‌ಲೈಟಿನದು.

"ಬೆಳಕು ಇಲ್ಲಿ ಹಿಡಿ," ಎಂದ. ಹೆಬ್ಬೆರಳಿನಿಂದ ಎಡಗಡೆಯ ತೋಳಿನ ಕೆಸರು ಒರೆಸಿದ. ಹಿಡಿದೆ. ಟಾರ್ಚಿನ ಬೆಳಕು ಮಂದವಾಗಿತ್ತು. ಆದರೂ ಕಂಡಿತು. ಇದನ್ನು ನಂಬಿ ಎಂದು ನಾನು ಯಾರನ್ನೂ ಕೇಳುವುದಿಲ್ಲ. ನನ್ನ ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ.

ಪಿನ್ನು ಹೊಸದು. ಸಣ್ಣ ತುದಿಯ ಮೇಲೆ ಅಡ್ಡಡ್ಡ ಎರಡು ಗೆರೆ. ತಲೆ ಮಾತ್ರ ಕಲ್ಲಿನಿಂದ ಹೊಡೆದು ಜಜ್ಜಿಹೋಗಿತ್ತು.