ಗಿಣ್ಣದ ಡಬ್ಬಿ

“ಹಲೋ… ಯಾರು ಮಾತಾಡೋದ್ರಿ?… ಕಾಶವ್ವ ಕಾಕು ಅಲ್ಲೇನ್ರಿ?… ಹಾಂ, ನಾನ್ರಿ, ಸುಲಭಾ. ಪುಣೆದಿಂದ. ಶಿವಾಜಿನಗರದ ಆಫೀಸಿನಿಂದ…”

“ಡಬ್ಬಿ ಏನ್ರಿ?… ಹೋದ ವಾರನ ವಾಪಸ್ ಕೊಟ್ಟೀನಲ್ಲ, ಸ್ವಪ್ನಿಲನ ಕೈಯಾಗ. ಖಾಲಿ ಕೊಟ್ಟಿಲ್ರಿ ಮತ್ತ, ಸಕ್ಕರಿ ಹಾಕೇ ಕೊಟ್ಟೀನಿ… ಇರ್ಲಿ ಕಾಕು, ಅದನ್ನ ಆಮ್ಯಾಲ ಮಾತಾಡೋಣು. ಈಗ ನಾ ಫೋನ್ ಮಾಡಿದ್ದು ಕರುಗಳ ಸಲುವಾಗಿ…”

ಸುಲಭಾ ಡಾಕ್ಟರಲ್ಲ. ಹುಟ್ಟಿದ ವಾರದೊಳಗೇ ಕೆಲವು ಕರುಗಳ ರಕ್ತಕ್ಕೆ ನಂಜು ಏರುತ್ತದಲ್ಲ, ಅದು ಯಾಕೆಂದು ಹುಡುಕುವ ಒಂದು ಸಮೀಕ್ಷೆಯಲ್ಲಿ ಫಾರ್ಮು ತುಂಬುವ ಗುಮಾಸ್ತೆ. ಪ್ರಶ್ನೆಗಳನ್ನು ಬರೆದವರು ಸಮೀಕ್ಷೆಯ ಮುಖ್ಯಸ್ಥೆ ಕೇತಕಿ ಮೇಡಂ, ಕೇಳುವವಳು ಇವಳು. ಬಾರಾಮತಿ ಕಡೆಯ ಅರವತ್ತು ಕೊಟ್ಟಿಗೆಗಳಲ್ಲಿ ಐವತ್ತೊಂಬತ್ತರಲ್ಲಿ ಮರಾಠಿಯಲ್ಲಿ ಕೇಳುತ್ತಾಳೆ, ಒಂದರಲ್ಲಿ ಮಾತ್ರ ಕನ್ನಡದಲ್ಲಿ. ಅಥಣಿ ಕಡೆಯಿಂದ ಬಂದು ಅಲ್ಲಿ ಎಂಟು ಆಕಳು ಕಟ್ಟಿಕೊಂಡಿರುವ ಕಾಶವ್ವ, ಧಾರವಾಡದ ಈ ಹೆಣ್ಣುಮಗಳ ಬಾಯಲ್ಲಿ ಕನ್ನಡ ಕೇಳಿದ ದಿನದಿಂದ ಅವಳನ್ನು ತವರಿನವಳೆಂದೇ ತಿಳಿದಿದ್ದಾಳೆ.

“ಮೂರೂ ಕರುಗಳ ರಿಪೋರ್ಟ್ ಬಂದಾವ್ರಿ… ಹೌದ್ರಿ, ಮೂರಕ್ಕೂ ಒಂದ. ರಕ್ತದಾಗ ನಂಜು ಏರಿತ್ತಂತ… ಇಲ್ರಿ, ದೃಷ್ಟಿ ಅಲ್ಲ. ಯಾರ ಕಣ್ಣೂ ಅಲ್ಲ ಕಾಕು… ಅಳಬ್ಯಾಡ್ರಿ. ನಾಕೈದು ಪ್ರಶ್ನೆ ಅದಾವು, ನೆನಪು ಮಾಡಿಕೊಂಡು ಹೇಳ್ರಿ, ಅಷ್ಟ ಸಾಕು…”

“ಆಕಳು ಈದದ್ದು ಎಲ್ಲಿ? ಒಳಗೋ ಹೊರಗೋ?… ಒಳಗ. ಕೆಳಗ ಏನು ಹಾಸಿದ್ರಿ?… ಒಣಾ ಹುಲ್ಲು. ಹೊಸಾದು?… ದಿನಾ ಬದಲಿ ಮಾಡ್ತಿದ್ರಿ. ಹಾಂ…”

“ಹೊಕ್ಕಳಾ ಯಾತರಿಂದ ಕೊಯ್ದಿದ್ರಿ?… ಹೊಸಾ ಬ್ಲೇಡು. ಟಿಂಚರ್ ಹಚ್ಚಿದ್ರೇನು?… ದಿನಕ್ಕ ಎರಡು ಸಲ? ನಾ ಬಂದಾಗ ಹೇಳಿದ್ದು ಇನ್ನೂ ನೆನಪಿಟ್ಟೀರಿ?… ಹಾಂ… ಚಲೋ ಮಾಡೀರಿ…”

ಅವಳು ಒಂದೊಂದಕ್ಕೂ ಗುರುತು ಹಾಕುತ್ತ ಹೋದಳು. ಇಷ್ಟು ಅಚ್ಚುಕಟ್ಟಾದ ಫಾರ್ಮು ಅವಳ ಕಡತದಲ್ಲಿ ಇನ್ನೊಂದಿರಲಿಲ್ಲ. ಬೇರೆಯವರು ಎಲ್ಲಾದರೊಂದು ಕಡೆ ಎಡವಿರುತ್ತಿದ್ದರು. ಒಬ್ಬರ ಮನೆಯಲ್ಲಿ ನೆಲ ಹಸಿ, ಇನ್ನೊಬ್ಬರು ಹೊಕ್ಕಳು ಕೊಯ್ದದ್ದು ಹುಲ್ಲು ಕೊಯ್ಯುವ ಕುಡುಗೋಲಿನಿಂದ. ಕಾಶವ್ವನ ಕೊಟ್ಟಿಗೆಯಲ್ಲಿ ಬೆರಳು ಮಾಡಿ ತೋರಿಸುವಂಥದ್ದು ಏನೂ ಇರಲಿಲ್ಲ. ಕರುಗಳು ಸತ್ತದ್ದೊಂದು ಬಿಟ್ಟರೆ ಎಲ್ಲವೂ ಸರಿಯಾಗಿತ್ತು.

“ಇನ್ನ ಒಂದ ಪ್ರಶ್ನೆ ಕಾಕು. ಕರು ಹುಟ್ಟಿದ ಎಷ್ಟು ತಾಸಿಗೆ ಗಿಣ್ಣದ ಹಾಲು ಕುಡಿಸಿದ್ರಿ?…”

“ಎಷ್ಟೊತ್ತಿಗೆ ಅಂದ್ರಿ?… ಸಂಜೀಕ?… ಅಲ್ರಿ, ನಸುಕಿನ್ಯಾಗ ಹುಟ್ಟಿದ ಕರು ಸಂಜೀತನಕ ಏನು ಕುಡೀತು?… ಬೆಲ್ಲದ ನೀರು…”

“ಮೂರಕ್ಕೂ ಹಂಗ ಏನ್ರಿ?… ಯಾಕ? ಮುಂಜಾನಿ ಹಿಂಡಿದ್ದು ಎಲ್ಲಿ ಹೋತು?… ಡಬ್ಬಿಗೆ ಅಂದ್ರ?… ಯಾರಿಗೆ ಅಂದ್ರಿ?…”

“ನನಗಾ?…”

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಸುಲಭಾ ಪೆನ್ನಿನ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು.

ಶ್ರಾವಣದಲ್ಲಿ ಮೊದಲ ಸಲ ಹೋದಾಗ ಕಾಶವ್ವ ಅವಳಿಗೆ ಬಿಸಿ ರೊಟ್ಟಿ ಬಡಿಸಿದ್ದಳು. ಉಂಡು ಕೈ ತೊಳೆಯುವಾಗ ಸುಲಭಾ ಸುಮ್ಮನೆ ಒಂದು ಮಾತು ಆಡಿದ್ದಳು. ಪುಣೆಯ ಅಂಗಡಿಗಳಲ್ಲಿ ಗಿಣ್ಣವನ್ನೇ ಖರ್ವಸ್ ಅಂತ ಮಾರುತ್ತಾರೆ, ಆದರೆ ಅದರಲ್ಲಿ ಹಾಲಿನ ಪುಡಿಯೇ ಹೆಚ್ಚು, ನಮ್ಮವ್ವ ಮಾಡುತ್ತಿದ್ದ ಗಿಣ್ಣ ತಿಂದು ಹತ್ತು ವರ್ಷವಾಯಿತು ಎಂದು. ಬಾಯಿಗೆ ಬಂದ ಮಾತು, ಅಷ್ಟೇ. ಅಲ್ಲಿಂದ ಮುಂದೆ ಕಾಶವ್ವನ ಆಕಳು ಈದಾಗಲೆಲ್ಲ ಹಾಲಿನ ಗಾಡಿಯ ಸ್ವಪ್ನಿಲ ಮೂರು ಲೀಟರಿನ ಸ್ಟೀಲ್ ಡಬ್ಬಿ ತಂದು ಆಫೀಸಿನ ಬಾಗಿಲಲ್ಲಿ ಕೊಟ್ಟು ಹೋಗುತ್ತಿದ್ದ. ಮೂರು ಸಲ ಬಂದಿತ್ತು. ಮೂರು ಸಲವೂ ಸುಲಭಾ ಡಬ್ಬಿ ತೊಳೆದು, ಖಾಲಿ ಕಳಿಸಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ ಕಳಿಸಿದ್ದಳು.

ಕರು ಯಾವಾಗ ಗಿಣ್ಣ ಕುಡಿಯಿತು ಎಂಬ ಪ್ರಶ್ನೆಯನ್ನು ಅವಳು ಊರೂರಲ್ಲಿ ಕೇಳಿದವಳು. ತನ್ನ ಅಡುಗೆಮನೆಯಲ್ಲಿ ಗಿಣ್ಣ ಬೇಯಿಸುವಾಗ ಒಂದು ಸಲವೂ ನೆನಪಾಗಿರಲಿಲ್ಲ.

“ಕಾಕು… ನಾ ತಿಳಕೊಂಡಿದ್ದು ಕರು ಕುಡಿದು ಉಳಿದದ್ದು ಕಳಸ್ತೀರಿ ಅಂತ… ಹಾಂ… ಹಾಂ… ಮೊದಲ ಹಂಗ ಮಾಡ್ತಿದ್ರಿ. ಮತ್ತ?… ನನಗ ಅಂತ ಮೊದಲನೇದು ಹಿಂಡಿ ಇಟ್ರಿ. ಅದರ ಗಿಣ್ಣ ಗಟ್ಟಿ ಆಗತದಂತ… ಆರಕ್ಕ ಗಾಡಿ ಬರ್ತದಂತ… ಹೌದ್ರಿ. ಗಟ್ಟಿ ಆಗತಿತ್ತು…”

“ಉಳಿದದ್ದು?… ದೇವರಿಗೆ ಒಂದು ವಾಟಗಾ, ಬಾಜೂ ಮನಿಗೆ ಒಂದು ವಾಟಗಾ. ಹಾಂ… ಅಂದ್ರ ಕರುವಿಗೆ ಏನೂ ಉಳೀಲಿಲ್ಲ…”

ಆ ಕಡೆಯಿಂದ ಕಾಶವ್ವ ಮತ್ತೇನನ್ನೋ ಹೇಳತೊಡಗಿದಳು. ಅದೇ ಹೊತ್ತಿಗೆ ವಾಚಮನ್ ಒಳಗೆ ಬಂದು, ಗೋಣಿಚೀಲದಲ್ಲಿ ಸುತ್ತಿದ ಒಂದು ಡಬ್ಬಿಯನ್ನು ಫಾರ್ಮಿನ ಪಕ್ಕ ಇಟ್ಟು ಹೋದ. ಚೀಲದ ಬಾಯಿಂದ ಮಂಜುಗಡ್ಡೆಯ ನೀರು ಹನಿಯುತ್ತಿತ್ತು.

“ಇವತ್ತ ಏನ್ರಿ?… ಯಾವಾಗ ಈತು?… ನಾಕೂವರಿಗೆ. ಹೆಣ್ಣುಗರು… ನೀವು ಆಗಳೇ ಕೇಳಿದ್ದು ಈ ಡಬ್ಬಿನಾ?… ಮುಟ್ಟೇತ್ರಿ. ಈಗ ಮುಟ್ಟಿತು. ನನ್ನ ಮುಂದನ ಅದ…”

ಗೋಡೆಯ ಗಡಿಯಾರ ಹತ್ತಕ್ಕೆ ಹದಿನೈದು ನಿಮಿಷ ಕಡಿಮೆ ತೋರಿಸುತ್ತಿತ್ತು. ಐದು ತಾಸು ಕಳೆದಿದ್ದವು.

“ಕಾಕು, ಫೋನ್ ಇಡಬ್ಯಾಡ್ರಿ. ಕರು ಎದ್ದು ನಿಂತದೇನು?… ನಿಂತು ಮತ್ತ ಕುಂತದ. ಬೆಲ್ಲದ ನೀರು ಕುಡಿಸೀರೇನು?… ಸಾಕು, ಇನ್ನ ಕುಡಿಸಬ್ಯಾಡ್ರಿ. ಈಗಿಂದೀಗ ಹೋಗಿ ಆಕಳಾ ಹಿಂಡ್ರಿ… ಸಂಜೀತನಕ ಕಾಯೂದು ಬ್ಯಾಡ. ಎಷ್ಟ ಬರಲಿ, ಬಾಟ್ಲಿಗೆ ಹಾಕಿ ಕರುವಿಗೆ ಕುಡಿಸ್ರಿ…”

“ಯಾಕಂದ್ರ ಹುಟ್ಟಿದ ಕರುವಿನ ರಕ್ತದಾಗ ರೋಗಾ ತಡಿಯೋ ಶಕ್ತಿ ಇರೂದಿಲ್ರಿ. ಅದು ಗಿಣ್ಣದಿಂದನ ಬರಬೇಕು. ಅದೂ ಮೊದಲಿನ ತಾಸುಗಳೊಳಗ. ಹೊತ್ತು ಹೋದಂಗ ಹೊಟ್ಟಿ ಅದನ್ನ ರಕ್ತಕ್ಕ ಬಿಡೂದಿಲ್ಲ… ಹೌದ್ರಿ, ನಾಳೆ ಎಷ್ಟ ಕುಡಿಸಿದ್ರೂ ಉಪಯೋಗ ಇಲ್ಲ… ಹೋಗ್ರಿ. ಫೋನ್ ಚಾಲೂ ಇರ್ಲಿ, ನಾ ಕಾಯ್ತೀನಿ…”

…

ಫೋನಿನಲ್ಲಿ ಬಕೆಟ್ಟಿನ ಸದ್ದು ಕೇಳಿಸಿತು. ಆಕಳೊಂದು ಕೂಗಿತು. ಕಾಶವ್ವ ಯಾರನ್ನೋ ಬಾಟ್ಲಿ ಕೇಳುತ್ತಿದ್ದಳು, ದನಿ ದೂರವಾಯಿತು.

ಸುಲಭಾ ಡಬ್ಬಿಯ ಮೇಲೆ ಕೈಯಿಟ್ಟಳು. ತಣ್ಣಗಿತ್ತು. ಅಳು ಬರಬೇಕಿತ್ತು, ಬರಲಿಲ್ಲ. ಮೊದಲ ಡಬ್ಬಿಯನ್ನು ದಸರೆಗೆ ಮುಂಚೆ ತಿಂದದ್ದು, ಎರಡನೆಯದರಲ್ಲಿ ಬೆಲ್ಲ ಸ್ವಲ್ಪ ಹೆಚ್ಚಾದದ್ದು, ಮೂರನೆಯದನ್ನು ಗಂಡ ವಿಕಾಸ ಎರಡು ಸಲ ಹಾಕಿಸಿಕೊಂಡದ್ದು, ಎಲ್ಲ ಸಾಲಾಗಿ ನೆನಪಾದವು. ನಾಲಿಗೆಗೆ ಏಲಕ್ಕಿಯ ರುಚಿ ಸಹ ಬಂತು. ಅದಕ್ಕೆ ಅವಳಿಗೆ ತನ್ನ ಮೇಲೆ ಅಸಹ್ಯವೂ ಆಗಲಿಲ್ಲ.

ಫಾರ್ಮಿನಲ್ಲಿ ಆ ಪ್ರಶ್ನೆಯ ಕೆಳಗೆ ಇನ್ನೊಂದು ಸಾಲು ಇತ್ತು: ಮೊದಲ ಹಾಲು ಕರುವಿಗೆ ಹೋಗದಿದ್ದರೆ ಯಾರಿಗೆ ಹೋಯಿತು? ಹೆಚ್ಚಿನವರು ಮಾರಾಟ ಎಂದೋ, ನೆಂಟರಿಗೆ ಎಂದೋ ಬರೆಸುತ್ತಿದ್ದರು. ಅವಳು ಅಲ್ಲಿ ತನ್ನ ಹೆಸರು ಬರೆದಳು. ಅಕ್ಷರಗಳು ಎಂದಿನಂತೆ ದುಂಡಗೇ ಬಂದವು.

…

“ಹಾಂ, ಇದ್ದೀನ್ರಿ. ಎಷ್ಟು ಬಂತು?… ಅರ್ಧಾ ಲೀಟರ್. ಮುಂಜಾನೆನ ಬರಿದು ಮಾಡೀವಲ್ರಿ, ಅದರ ಕೆಚ್ಚಲದಾಗ ಎಲ್ಲಿಂದ ಬರಬೇಕು… ಕರು ಕುಡೀತಾ?… ಪೂರಾ?… ಇನ್ನೂ ಬಾಟ್ಲಿ ಚೀಪತದ?… ಹಾಂ… ಹಾಂ…”

“ಸಾಲಂಗಿಲ್ಲ ಕಾಕು. ಇನ್ನೂ ಎರಡು ಲೀಟರ್ ಬೇಕು… ಬೇರೆ ಆಕಳದು ಹಳೇ ಹಾಲು, ಅದು ನಡಿಯಂಗಿಲ್ರಿ… ಕೇಳ್ರಿ, ನಾ ಈ ಡಬ್ಬಿ ತಗೊಂಡು ಅಲ್ಲಿಗೇ ಬರ್ತೀನಿ… ಈಗ. ಗಾಡಿ ಮಾಡಿಕೊಂಡು. ಹನ್ನೆರಡೂವರಿ ಒಳಗ ಮುಟ್ಟತೀನಿ… ಕೆಟ್ಟಿಲ್ರಿ, ನಿಮ್ಮ ಬರ್ಫ್ ಇನ್ನೂ ಪೂರಾ ಕರಗಿಲ್ಲ…”

“ಯಾಕ ಬ್ಯಾಡ?… ಕೊಟ್ಟ ಹಾಲು ವಾಪಸ್ ಮನಿಗೆ ಬರಬಾರದಾ? ಯಾರಂದ್ರು?… ನಿಮ್ಮ ಅತ್ತಿ. ಹಾಂ… ದನಕ್ಕ ಕೇಡು ಆಗತದಂತ…”

ಸುಲಭಾ ಕಣ್ಣು ಮುಚ್ಚಿ ತೆರೆದಳು. ದನಕ್ಕೆ ಇನ್ನು ಯಾವ ಕೇಡು ಆಗುವುದು ಬಾಕಿ ಇದೆ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಅತ್ತೆಯ ಮಾತನ್ನು ಈ ಹೊತ್ತಿನಲ್ಲಿ ಮುರಿಯುವುದಕ್ಕಿಂತ ಅದರ ಪಕ್ಕದಿಂದ ಹಾದುಹೋಗುವುದು ಬೇಗ ಆಗುವ ಕೆಲಸ.

“ಕಾಕು, ಹಂಗಾದ್ರ ಹಿಂಗ ಮಾಡೋಣು. ಈ ಡಬ್ಬಿ ನನಗ ಕೊಟ್ಟೀರಲ್ಲ? ಅಂದ್ರ ನನ್ನದಾತು. ನಾ ನನ್ನ ಹಾಲು ನಿಮ್ಮ ಕರುವಿಗೆ ತರ್ತೀನಿ. ನೀವು ವಾಪಸ್ ತಗೊಂಡಂಗ ಅಲ್ಲ… ಹೂಂ, ನನ್ನ ಕೈಯಿಂದನ ಕುಡಸ್ತೀನಿ. ನೀವು ಮುಟ್ಟಬ್ಯಾಡ್ರಿ… ಆತಲ್ಲ?… ಆತಂತ ಅನ್ರಿ… ಹಾಂ. ನೀರು ಕಾಸಿ ಇಡ್ರಿ. ಹಾಲು ಒಲಿ ಮ್ಯಾಲ ಇಡೂದಲ್ಲ, ಡಬ್ಬಿ ಬಿಸಿನೀರಾಗ ಇಟ್ಟು ಉಗುರು ಬೆಚ್ಚಗ ಮಾಡೂದು…”

ಅವಳು ಎದ್ದು ನಿಂತು ತನ್ನ ಕೈಚೀಲವನ್ನು ತೋಳಿಗೆ ಹಾಕಿಕೊಂಡಳು. ಡಬ್ಬಿ ಎತ್ತಿದಾಗ ಒಳಗೆ ಹಾಲು ಮಂದವಾಗಿ ಹೊರಳಿತು.

“ಏನ್ರಿ?… ಕೇಳಿಸವಲ್ದು… ಆ ಮೂರು ಕರು?…”

“ರಕ್ತದ ರೋಗಕ್ಕ ಭಾಳ ಕಾರಣಾ ಇರ್ತಾವ್ರಿ. ನೆಲಾ ಇರ್ತದ, ಹೊಕ್ಕಳಾ ಇರ್ತದ, ಥಂಡಿ…”

ಅಲ್ಲಿಗೆ ಮಾತು ತುಂಡರಿಸಿದಳು. ನೆಲ, ಹೊಕ್ಕಳು, ಎರಡಕ್ಕೂ ಅವಳೇ ಈಗಷ್ಟೇ ಸರಿ ಎಂದು ಗುರುತು ಹಾಕಿದ್ದಳು.

“ಹೌದ್ರಿ ಕಾಕು. ಅದರಿಂದನ. ಗಿಣ್ಣ ಸಿಗಲಾರದ್ದಕ್ಕ…”

…

“ಕಾಕು?… ಇದ್ದೀರೇನು?… ನಿಮ್ಮದು ತಪ್ಪಲ್ರಿ. ನಾ ಆಡಿದ ಮಾತಿಗೆ ಕಳಿಸೀರಿ. ನನಗ ಗೊತ್ತಿತ್ತು, ನಾನ ಕೇಳಬೇಕಿತ್ತು… ಏನಾದ್ರೂ ಅನ್ರಿ ನನಗ. ಬೈರಿ…”

ಕಾಶವ್ವ ಬೈಯಲಿಲ್ಲ. ಮೂಗು ಒರೆಸಿಕೊಂಡ ಸದ್ದು ಬಂತು. ಆಮೇಲೆ ಒಂದು ಪ್ರಶ್ನೆ ಕೇಳಿದಳು, ಮೆಲ್ಲಗೆ. ಸುಲಭಾ ಆಗಲೇ ಆಫೀಸಿನ ಮೆಟ್ಟಿಲು ಇಳಿಯುತ್ತಿದ್ದಳು, ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು.

“ಹೂಂ… ಗಿಣ್ಣ ಚಲೋ ಆಗಿತ್ರಿ. ಮೂರೂ ಸಲ ಚಲೋ ಆಗಿತ್ತು… ಇಲ್ಲ ಕಾಕು, ಚೆಲ್ಲಿಲ್ಲ. ಅದ್ಯಾಕ ಚೆಲ್ಲತೀವಿ… ಡಬ್ಬಿ ಬಳದು ತಿಂದೀವಿ. ಒಂದು ಚಮಚೆ ಸೈತ ಉಳಿಸಿಲ್ಲ… ಹಲೋ?… ಕಾಕು?… ಹಲೋ…”

ಲೈನು ಕಟ್ಟಾಗಿತ್ತು.