ಕೈ ತಪ್ಪಿತು ಅನ್ನು, ಸಾಕು

...ಅಯ್ಯೋ, ಹಾಗಲ್ಲ ಮಾರ್ವಾ! ‘ಲೊವೆಲ್‌ಗೆ ಕೈ ತಪ್ಪಿತು’ ಅನ್ನು, ಅಷ್ಟು ಸಾಕು. ಇವತ್ತು ಫೋನಲ್ಲಿ ವಿಚಾರಣೆ ಮಾಡೋ ಆ ಜಡ್ಜು ತಿಳ್ಕೋಬೇಕಾಗಿರೋದು ಒಂದೇ... ಕೆಲಸ ಬರದೆ ಕೆಲಸ ಕಳ್ಕೊಂಡ್ನಾ, ಬೇಕಂತ ಕೆಡಿಸಿ ಕಳ್ಕೊಂಡ್ನಾ, ಅಂತ. ಕೆಲಸ ಬರದೇ ಇದ್ದೋನಿಗೆ ನಿರುದ್ಯೋಗ ಭತ್ಯೆ ಕೊಡ್ತಾರಂತೆ. ಬೇಕಂತ ಮಾಡಿದೋನಿಗೆ ಚಿಕ್ಕಾಸೂ ಇಲ್ಲ. ಎಂಥಾ ಕಾನೂನು ನೋಡು ಈ ಒಹಾಯೋ ರಾಜ್ಯದ್ದು! ನಾನು ಕೈಲಾಗದ ದಡ್ಡ ಅಂತ ನಾನೇ ಸಾಬೀತು ಮಾಡ್ಬೇಕು!

ಯಾಕೆ ನಗ್ತೀಯ? ನಗಬೇಡ. ನನಗೆ ಹೊಟ್ಟೆ ಉರೀತಿದೆ.

ಡೋನಟ್ ತಗೋ. ನಮ್ಮನೆಯೋಳು ಗ್ಲೆಂಡಾ ನಿನಗಂತಲೇ ತಂದಿಟ್ಟು ಕೆಲಸಕ್ಕೆ ಹೋದ್ಲು. ಅವಳ ಸಂಬಳ ಹೊಟ್ಟೆಗೇ ಸರಿಹೋಗುತ್ತೆ. ಈ ಭತ್ಯೆ ಬರದಿದ್ರೆ ಮನೆ ಬ್ಯಾಂಕಿನೋರ ಪಾಲು ಕಣೆ. ಹೊರಗೆ ಮೊಣಕಾಲುದ್ದ ಹಿಮ. ಎಲ್ಲಿಗೆ ಹೋಗ್ಲಿ? ಅತ್ತೆ ಮನೆಗಾ?

ಯಾರು, ಡೂಗನ್ನಾ? ಇರ್ತಾನೆ, ಅವನೂ ಫೋನಲ್ಲಿರ್ತಾನೆ. ಸೂಪರ್‌ವೈಸರಂತೆ, ದೊಡ್ಡ ಸೂಪರ್‌ವೈಸರ್! ‘ಬೇಕಂತಲೇ ಬೀಳಿಸಿದ’ ಅಂತಾನೆ. ಅಂದ್ಕೊಳ್ಲಿ! ಅವತ್ತು ಗೋದಾಮಲ್ಲಿ ಕಣ್ಣಾರೆ ನೋಡಿದೋಳು ನೀನೊಬ್ಬಳೇ. ನೀನೇ ನನ್ನ ಸಾಕ್ಷಿ. ನಾನು ಓಡಿಸ್ತಿದ್ದ ಫೋರ್ಕ್‌ಲಿಫ್ಟ್ ಗಾಡಿ ಸರಕು ಎತ್ತಿತು, ಹೊರೆ ವಾಲಿತು, ಸೌತೆಕಾಯಿ ಉಪ್ಪಿನಕಾಯಿ ಬಾಟ್ಲಿ ಅಷ್ಟೂ ನೆಲಕ್ಕೆ. ಸದ್ದು ಕೇಳಿ ಓಡಿ ಬಂದ ಡೂಗನ್ ಆ ಹುಳಿನೀರಲ್ಲಿ ಜಾರಿ ಕೂತ... ನೋಡು, ಮತ್ತೆ ನಗ್ತೀಯ!

‘ಬೇಗ ತಾತ, ಬೇಗ!’ ಅಂತಿದ್ದ ಆ ಡೂಗನ್ ನನಗೆ. ದಿನಾ! ಎಲ್ಲರ ಎದುರೂ! ಮೊಟ್ಟೆ ಪೆಟ್ಟಿಗೆಗಳನ್ನ ಮೂರಾಳೆತ್ತರಕ್ಕೆ ಏರಿಸಿ ಇಡ್ತಿದ್ದೆ, ಒಂದು ಮೊಟ್ಟೆ ಬಿರುಕು ಬಿಟ್ಟಿದ್ದು ನೋಡಿದೀಯಾ? ನಿನಗೂ ಆ ಗಾಡಿ ಕಲಿಸಿದ್ದು ನಾನೇ ಅಲ್ವೇನೆ... ಥೂ, ಇದನ್ನ ಮಾತ್ರ ಜಡ್ಜ್ ಹತ್ರ ಹೇಳ್ಬೇಡ! ಲೊವೆಲ್ ಮೊದಲಿಂದಲೂ ಮೊದ್ದು, ಕೈ ನಡುಗುತ್ತೆ, ಅಂದುಬಿಡು. ಹೇಳೋಕೂ ಬಾಯಿ ಬರಲ್ಲ ನನಗೆ. ಆದ್ರೂ ಅನ್ನು.

ಏನು, ಡೋನಟ್ ಮುಟ್ಟಲೇ ಇಲ್ಲ?

ಹೂಂ, ಗೊತ್ತು. ಮೊದಲು ಪ್ರಮಾಣ ಮಾಡಿಸ್ತಾರೆ. ನೀನು ಚರ್ಚಿಗೆ ಹೋಗೋಳು. ಸುಳ್ಳು ಹೇಳು ಅಂದ್ನಾ ನಾನು? ಕೇಳಿದಷ್ಟಕ್ಕೆ ಉತ್ತರ ಕೊಡು. ಬೀಳೋ ಮೊದಲು ಏನಾದ್ರೂ ಕೇಳಿಸ್ತಾ ಅಂದ್ರೆ... ಏನೂ ಇಲ್ಲ ಅನ್ನು.

ಯಾಕೆ ಹಾಗೆ ನೋಡ್ತೀಯ?

ಮಾರ್ವಾ... ಹಾಗೆ ತಲೆ ಅಲ್ಲಾಡಿಸ್ಬೇಡ. ಬೇಕಾದ್ರೆ ಬೈ.

ಸರಿ! ಹೊಡೆದೆ! ಹಾರ್ನ್ ಹೊಡೆದೆ, ಒಂದಲ್ಲ ಎರಡು ಸಲ. ಕೈ ತಪ್ಪೋನು ಯಾವನೂ ಮೊದಲು ಹಾರ್ನ್ ಹೊಡೆದು ಆಮೇಲೆ ಬೀಳಿಸಲ್ಲ, ಅಷ್ಟು ನನಗೂ ಗೊತ್ತು! ಅಗೋ, ಫೋನು... ತಡಿ, ಎತ್ತಬೇಡ, ಒಂದು ನಿಮಿಷ! ಹೊಡೆಯದೆ ಇನ್ನೇನು ಮಾಡ್ಬೇಕಿತ್ತು? ಅಷ್ಟೂ ಬಾಟ್ಲಿ ಕೆಳಗೆ ನೀನು ನಿಂತಿದ್ದೆ ಕಣೆ!