ಚಿತ್ರಶಾಲೆಯಲ್ಲಿ ನಾನು ನೋಡಿದ ಬೆನ್ನುಗಳು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಉಪಾಧ್ಯಾಯರೇ, ಒಂದು ವರ್ಷ ಹೊರದೇಶದಲ್ಲಿ ವಸ್ತ್ರವಿನ್ಯಾಸ ಕಲಿತು ಬಂದು ಇವತ್ತು ಸನ್ಮಾನ ಪಡೆಯುತ್ತಿರುವ ನನ್ನ ಹುಡುಗಿಯರೇ, ಅವರ ತಂದೆತಾಯಿಯರೇ, ಸಭಿಕರೇ. ಯಾರನ್ನಾದರೂ ಬಿಟ್ಟಿದ್ದರೆ ಈಗಲೇ ಹೇಳಿಬಿಡಿ, ಇಲ್ಲದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ನಾನು ಇವರ ಹಾಸ್ಟೆಲ್ ನೋಡಿಕೊಳ್ಳುವವಳು. ಹುಡುಗಿಯರ ಬಾಯಲ್ಲಿ ಗಾಬರಿ ಅಕ್ಕ. ಶಾಲೆಯನ್ನು ನಾನು ಎರಡು ಸಲ ಬಿಟ್ಟೆ. ತಮ್ಮ ಹುಟ್ಟಿದಾಗ ಒಮ್ಮೆ, ಅಮ್ಮ ಹಾಸಿಗೆ ಹಿಡಿದಾಗ ಇನ್ನೊಮ್ಮೆ. ಆಮೇಲೆ ಶಾಲೆಯೇ ನನ್ನನ್ನು ಬಿಟ್ಟಿತು. ಇಂಥವಳನ್ನು ಹುಡುಗಿಯರ ಕಾವಲಿಗೆಂದು ಜೊತೆಗೆ ಕಳಿಸಿದಿರಿ. ಈಗ "ಚಿತ್ರಶಾಲೆಗೆ ಹೋದ ದಿನದ ಬಗ್ಗೆ ನಾಲ್ಕು ಮಾತಾಡಿ" ಎನ್ನುತ್ತೀರಿ. ಏನು ಮಾತಾಡಲಿ? ನಾನು ಚಿತ್ರ ನೋಡಿದೆನೇ? ಇಲ್ಲ ಸ್ವಾಮಿ, ನಾನು ನೋಡಿದ್ದು ಬೆನ್ನು.

ಗೋಡೆ ತುಂಬ ಚಿತ್ರ ತೂಗಿದ ಆ ಕೋಣೆಗಳಲ್ಲಿ ಪಾಠದ ಮೇಡಂ ಮುಂದೆ, ಹುಡುಗಿಯರು ನಡುವೆ, ಕಟ್ಟಕಡೆಗೆ ನಾನು. ತಲೆ ಎಣಿಸಹೋದರೆ ಗಾಬರಿಯಲ್ಲಿ ಲೆಕ್ಕ ತಪ್ಪುತ್ತದೆ; ಬೆನ್ನು ತಪ್ಪುವುದಿಲ್ಲ. ಜಿಪ್ ಕಿತ್ತ ಬ್ಯಾಗು ಒಬ್ಬಳದು, ನೆಲ ಗುಡಿಸುವ ಶಾಲು ಇನ್ನೊಬ್ಬಳದು, ಎತ್ತರಕ್ಕೆ ನಾಚಿ ಬಾಗಿದ ಬೆನ್ನು ಮತ್ತೊಬ್ಬಳದು. ಮುಖ ಸುಳ್ಳು ಹೇಳಲು ಕಲಿತಿರುತ್ತದೆ. ಬೆನ್ನಿಗೆ ಯಾರು ಪಾಠ ಹೇಳಿಕೊಟ್ಟಿದ್ದಾರೆ?

ಹೊರಗೆ ಬಸ್ಸಿನ ಹತ್ತಿರ ಬಂದಾಗ ಒಂದು ಬೆನ್ನು ಕಡಿಮೆ. ನಮ್ಮ ಗುಬ್ಬಿಯದು. ಎಲ್ಲರಿಗಿಂತ ಚಿಕ್ಕವಳೆಂದು ಹಾಗೆ ಕರೆಯುತ್ತೇವೆ. ನನ್ನ ಜೀವ ಬಾಯಿಗೆ ಬಂತು. ಯಾಕೆಂದರೆ ಆ ವಾರವೇ ಅವಳು ಓದು ಬಿಟ್ಟು ಊರಿಗೆ ಹೊರಡುವವಳಿದ್ದಳು. ಪೆಟ್ಟಿಗೆ ಕಟ್ಟಿಯಾಗಿತ್ತು. ಹೊರದೇಶಕ್ಕೆಂದು ಅವಳು ಮನೆ ಬಿಡುವ ದಿನ ಅವರಮ್ಮ "ಹೋಗುವವಳು ಹೋಗು" ಎಂದು ಒಲೆಯ ಕಡೆ ತಿರುಗಿ ನಿಂತರಂತೆ. ಹೊಸಿಲು ದಾಟುವವರೆಗೂ ತಿರುಗಿ ನೋಡಲಿಲ್ಲವಂತೆ. ಆಮೇಲೆ ಫೋನಿಗೂ ಬರಲಿಲ್ಲ, ಅಪ್ಪನದೇ ಮಾತು. "ಅಮ್ಮನಿಗೆ ಬೇಡದ ಓದು ನನಗ್ಯಾಕಕ್ಕ?" ಎನ್ನುತ್ತಿದ್ದಳು.

ಅಯ್ಯೋ, ಇದನ್ನು ಹೇಳಬೇಕೆಂದು ಬಂದವಳಲ್ಲ ನಾನು. ಬಾಯಿಗೆ ಬಂದುಬಿಟ್ಟಿತು. ಕ್ಷಮಿಸಬೇಕು.

ಒಳಗೆ ಓಡಿದೆ. ಕಾವಲಿನವನು ಅವನ ಭಾಷೆಯಲ್ಲಿ ಮುಚ್ಚುವ ಹೊತ್ತಾಯಿತೆಂದ. "ಇರಪ್ಪಾ, ಮಗು ಒಳಗಿದೆ" ಎಂದೆ ನಾನು ನನ್ನ ಭಾಷೆಯಲ್ಲಿ. ಅರ್ಥವಾಯಿತೋ, ನನ್ನ ಮುಖ ನೋಡಿ ಹೆದರಿದನೋ, ದಾರಿ ಬಿಟ್ಟ.

ಒಂದು ಸಣ್ಣ ಕೋಣೆಯಲ್ಲಿ ಒಂದು ಚಿತ್ರದ ಮುಂದೆ ಕೂತಿದ್ದಳು. ಕಿಟಕಿಯ ಬಳಿ ನಿಂತ ಹೆಂಗಸು, ಬೆನ್ನು ನಮ್ಮ ಕಡೆಗೆ. ನನಗೆ ಮೊದಲು ಕಂಡದ್ದು ಮೇಜಿನ ಅಂಚಿನಲ್ಲಿದ್ದ ಹೂಜಿ. ಯಾರಾದರೂ ಅದನ್ನು ಒಳಗೆ ಸರಿಸಬಾರದಿತ್ತೇ?

"ನೋಡಕ್ಕ, ನಮ್ಮಮ್ಮ ಹೀಗೇ ನಿಂತಿದ್ದಳು. ಎಷ್ಟು ಸಿಟ್ಟು ನೋಡು."

ಬಸ್ಸು ಹೋಗಿಬಿಟ್ಟರೆ ಎಂಬ ಭಯ ಒಂದು ಕಡೆ. ಆದರೂ ಪಕ್ಕದಲ್ಲಿ ಕೂತೆ. ಶಾಲೆಯ ಪುಸ್ತಕಗಳನ್ನು ನಾನು ಕಟ್ಟಿ ಅಟ್ಟಕ್ಕೆ ಹಾಕಿದ ದಿನ ನಮ್ಮಮ್ಮ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದಳು. ಯಾಕೆ ಸಿಟ್ಟು, ಅವಳ ಸೇವೆಗೇ ಅಲ್ಲವೇ ನಾನು ಬಿಟ್ಟದ್ದು ಎಂದು ನನಗೂ ಸಿಟ್ಟು. ದಿಂಬು ಒದ್ದೆಯಾಗಿದ್ದನ್ನು ಬೆಳಿಗ್ಗೆ ನೋಡಿದೆ. ಅದರ ಅರ್ಥ ತಿಳಿಯುವ ಹೊತ್ತಿಗೆ ಕೇಳಲು ಅವಳಿರಲಿಲ್ಲ.

"ಸಿಟ್ಟಿನ ಬೆನ್ನು ಸೆಟೆದಿರತ್ತೆ ಕಣೇ," ಎಂದೆ. "ಇದರ ಭುಜ ನೋಡು, ಹೇಗೆ ಇಳಿದಿದೆ. ನಿಮ್ಮಮ್ಮನ ಭುಜ ಹೇಗಿತ್ತು?"

ಹುಡುಗಿ ಎದ್ದು ಚಿತ್ರದ ಹತ್ತಿರ ಹೋಗಿ ಆ ಭುಜವನ್ನೇ ನೋಡಿದಳು. ನಂತರ ಹೊರಗಿನ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನು ಮಾಡಿದಳು. "ಅಪ್ಪಾ, ಅಮ್ಮನ ಕೈಗೇ ಕೊಡು, ಕೊಡಲೇಬೇಕು" ಎಂದಳು. ಅವಸರದಲ್ಲಿ ಯಾವುದೋ ಗುಂಡಿ ಒತ್ತಿದ್ದರಿಂದ ನನಗೂ ಎಲ್ಲ ಕೇಳಿಸಿತು.

"ಅಮ್ಮಾ, ಅವತ್ತು ಒಲೆ ಕಡೆ ತಿರುಗಿ ನಿಂತಿದ್ಯಲ್ಲ, ಅಳ್ತಿದ್ಯಾ?"

ಆ ಕಡೆಯಿಂದ ಆ ತಾಯಿ, "ಹೊಗೆ ಕಣೇ. ಕಣ್ಣಿಗೆ ಹೊಗೆ."

"ಒಲೆ ಹಚ್ಚೇ ಇರಲಿಲ್ಲವಲ್ಲಮ್ಮ!"

ಇಬ್ಬರೂ ನಕ್ಕರೋ ಅತ್ತರೋ, ಆ ದೇಶದ ಗಾಳಿಯಲ್ಲಿ ಗೊತ್ತಾಗಲಿಲ್ಲ. ಕೊನೆಗೆ ಆ ತಾಯಿ ಹೇಳಿದ್ದು ಮಾತ್ರ ಕೇಳಿಸಿತು: "ಅರ್ಧಕ್ಕೆ ಬಿಟ್ಟು ಬಂದ್ರೆ ಬಾಗಿಲು ತೆಗೆಯಲ್ಲ ನೋಡು. ಮುಗಿಸ್ಕೊಂಡು ಬಾ."

ಬಸ್ಸು ನಿಂತೇ ಇತ್ತು. ಚಾಲಕ ಬೈದ. ಭಾಷೆ ಬಾರದ್ದು ಒಳ್ಳೆಯದೇ ಆಯಿತು. ಗುಬ್ಬಿ ಪೆಟ್ಟಿಗೆ ಬಿಚ್ಚಿದಳು, ಓದು ಮುಗಿಸಿದಳು. ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾಳೆ.

ಸಭಿಕರೇ, ಜನರನ್ನು ಇಷ್ಟು ಎತ್ತರದಿಂದ, ಮುಖಾಮುಖಿಯಾಗಿ ನೋಡಿ ನನಗೆ ಅಭ್ಯಾಸವಿಲ್ಲ. ಆದರೆ ಇಲ್ಲಿಂದ ಎಲ್ಲ ಕಾಣುತ್ತದೆ. ಕೊನೆಯ ಸಾಲಿನಲ್ಲಿ ಒಬ್ಬ ತಾಯಿ ಕಣ್ಣಿಗೆ ಸೆರಗು ಹಿಡಿದು ಬಾಗಿಲ ಕಡೆ ತಿರುಗುತ್ತಿದ್ದಾರೆ. ತಿರುಗಬೇಡಿ ಅಮ್ಮಾ. ಈ ಸಭೆಯಲ್ಲಿ ಹೊಗೆ ಇಲ್ಲ. ನಿಮ್ಮ ಮಗಳು ಮುಂದಿನ ಸಾಲಿನಿಂದ ಹಿಂದೆ ತಿರುಗಿ ನಿಮ್ಮನ್ನೇ ನೋಡುತ್ತಿದ್ದಾಳೆ.

ಮಾತು ಬಾರದವಳ ಮಾತನ್ನು ತಾಳ್ಮೆಯಿಂದ ಕೇಳಿದ ಎಲ್ಲರಿಗೂ ನನ್ನ ವಂದನೆ. ಹೋಗುವಾಗ ಸಾಲಾಗಿ ಹೋಗಿ, ಕೊನೆಗೆ ನಾನಿರುತ್ತೇನೆ. ನಮಸ್ಕಾರ.